ಕೊಂಬಿನ ಓತಿ: ಸಾಕಣೆಯಲ್ಲಿ ಆಹಾರ

ಉತ್ತರ ಅಮೆರಿಕದ ಮರುಭೂಮಿ ಹಾಗೂ ಒಣ ಹುಲ್ಲುಗಾವಲುಗಳಲ್ಲಿ ಬದುಕುವ ಫ್ರೈನೊಸೋಮ ಕುಲದ ಓತಿಗಳಿಗೆ ಈ ಹೆಸರು. ಹಲವು ಪ್ರಭೇದಗಳ ಮುಖ್ಯ ಆಹಾರ ಇರುವೆ. ಟೆಕ್ಸಾಸ್ ಕೊಂಬಿನ ಓತಿಗಂತೂ ಬೀಜ ಕೂಡಿಡುವ ಹಾರ್ವೆಸ್ಟರ್ ಇರುವೆಯೇ ಬೇಕು. ಇರುವೆಯ ಮೈಯಲ್ಲಿ ಜೀರ್ಣವಾಗದ ಚಿಪ್ಪೇ ಹೆಚ್ಚಾದ್ದರಿಂದ ರಾಶಿಗಟ್ಟಲೆ ತಿನ್ನಬೇಕು. ತಟ್ಟೆಯಂಥ ಆ ಚಪ್ಪಟೆ ದೇಹದಲ್ಲಿ ಹೊಟ್ಟೆಯದೇ ಕಾರುಬಾರು. ಇರುವೆ ಸಾಲಿನ ಪಕ್ಕ ಕದಲದೆ ಕೂತು, ನಾಲಿಗೆಯಿಂದ ಒಂದೊಂದನ್ನೇ ಎತ್ತಿ, ಅಗಿಯದೆ ನುಂಗುತ್ತದೆ. ಗಂಟಲಿನ ಲೋಳೆ ಇರುವೆಯನ್ನು ಸುತ್ತಿಕೊಂಡು ಕುಟುಕದಂತೆ ಕಟ್ಟಿಹಾಕುತ್ತದೆ.

ಸಾಕುವವರು ಎಡವುವುದು ಇಲ್ಲೇ. ಅಂಗಡಿಯಲ್ಲಿ ಸಿಗುವ ಚಿಮ್ಮಂಡೆಯನ್ನಷ್ಟೇ ಹಾಕಿದರೆ ಓತಿ ಗಬಗಬ ತಿಂದೀತು, ಆದರೆ ಕ್ರಮೇಣ ಸೊರಗುತ್ತದೆ. ಬಹುಪಾಲು ಇರುವೆಯೇ ಇರಬೇಕು. ಕ್ಯಾಲ್ಸಿಯಂ ಪುಡಿ ಸವರಿದ ಮರಿ ಚಿಮ್ಮಂಡೆ, ಗೆದ್ದಲು ಇವೆಲ್ಲ ನಂಜಿಕೊಳ್ಳಲು ಮಾತ್ರ. ಆ ಕ್ಯಾಲ್ಸಿಯಂ ಮೈಗೆ ಹತ್ತಲು ಯುವಿ-ಬಿ ದೀಪವೂ ಬೇಕು. ತಿನ್ನದೆ ಉಳಿದ ಇರುವೆಗಳನ್ನು ಕತ್ತಲಾಗುವ ಮುಂಚೆ ತೆಗೆಯದಿದ್ದರೆ ಮಲಗಿದ ಓತಿಯನ್ನೇ ಅವು ಕುಟುಕುತ್ತವೆ. ಕೀಟನಾಶಕ ಬಿದ್ದ ಗೂಡಿನ ಇರುವೆ ಸುತರಾಂ ಸಲ್ಲದು. ಟೆಕ್ಸಾಸ್ ರಾಜ್ಯದಲ್ಲಿ 1967ರಿಂದ ಟೆಕ್ಸಾಸ್ ಕೊಂಬಿನ ಓತಿಗೆ ಕಾನೂನಿನ ರಕ್ಷಣೆಯಿದೆ. ಪರವಾನಗಿ ಇಲ್ಲದೆ ಹಿಡಿದು ಸಾಕುವಂತಿಲ್ಲ.