ಬಾಗಿಲ ತನಕ ಹೋಗಿ ತಿರುಗಿ ಬಂದ ತಾಯಿ

ಊರೂರು ಸುತ್ತುವಾಗ ನಮಗೆ ಒಂದು ಮಾತು ಮತ್ತೆ ಮತ್ತೆ ಕೇಳುತ್ತದೆ: "ಹುಡುಗ ನಮ್ಮ ಮಾತು ಕೇಳಲ್ಲ, ನೀವಾದರೂ ನಾಲ್ಕು ಬುದ್ಧಿ ಹೇಳಿ." ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕೇಳಿಸಿಕೊಳ್ಳುವವರು ಎಷ್ಟು ಜನ? ಕೇಳಿಸಿಕೊಳ್ಳುವುದನ್ನೇ ಚಿಕಿತ್ಸೆಯ ಬುನಾದಿ ಮಾಡಿದ ಒಬ್ಬರ ಕಥೆ ಇದು.

ಅವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್. ಹುಟ್ಟಿದ್ದು 1902ರಲ್ಲಿ. ಹನ್ನೆರಡನೇ ವಯಸ್ಸಿನಿಂದ ಬೆಳೆದದ್ದು ಹೊಲದ ಮನೆಯಲ್ಲಿ. ಕಾಲೇಜಿಗೆ ಸೇರಿದ್ದೂ ಮೊದಲು ಕೃಷಿ ಓದಲು. ಮನಶ್ಶಾಸ್ತ್ರಕ್ಕೆ ಬಂದಿದ್ದು ಆಮೇಲೆ. 1928ರಿಂದ 12 ವರ್ಷ ಅವರು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ, ಮಕ್ಕಳ ಮೇಲಿನ ಕ್ರೌರ್ಯ ತಡೆಯುವ ಸಂಘದಲ್ಲಿ ಕೆಲಸ ಮಾಡಿದರು. ಕೋರ್ಟು, ಸಂಘಸಂಸ್ಥೆಗಳು ಕಳಿಸಿದ ಮಕ್ಕಳು ಅಲ್ಲಿಗೆ ಬರುತ್ತಿದ್ದರು.

ಒಬ್ಬ ತುಂಟ ಹುಡುಗನ ತಾಯಿಯ ಜೊತೆ ರೋಜರ್ಸ್ ಹಲವು ಸಲ ಕೂತು ಮಾತಾಡಿದರು. ಮಗನನ್ನು ಆಕೆ ಚಿಕ್ಕಂದಿನಿಂದ ದೂರ ಮಾಡಿದ್ದೇ ಇದಕ್ಕೆಲ್ಲ ಕಾರಣ ಎಂದು ಆಕೆಗೆ ಮನಗಾಣಿಸಲು ನೋಡಿದರು. ಆಗಲಿಲ್ಲ. ಕೊನೆಗೆ ಇಬ್ಬರೂ ಇಷ್ಟಕ್ಕೇ ಬಿಡೋಣ ಎಂದು ಒಪ್ಪಿಕೊಂಡರು. ಆಕೆ ಎದ್ದು ಬಾಗಿಲ ತನಕ ಹೋಗಿ ತಿರುಗಿದಳು. ಇಲ್ಲಿ ದೊಡ್ಡವರನ್ನೂ ನೋಡುತ್ತೀರಾ ಎಂದು ಕೇಳಿದಳು. ಹೌದು ಎಂದಾಗ ಮತ್ತೆ ಬಂದು ಕೂತು, ಗಂಡನ ಜೊತೆಗಿನ ಸಂಕಟ, ತಾನು ಸೋತೆ ಎಂಬ ನೋವು, ಎಲ್ಲವನ್ನೂ ಹೇಳಿಕೊಂಡಳು. ನಿಜವಾದ ಚಿಕಿತ್ಸೆ ಶುರುವಾಗಿದ್ದೇ ಆಗ. ಕೊನೆಗೆ ತಾಯಿಗೂ ಮಗನಿಗೂ ಒಳ್ಳೆಯದಾಯಿತು ಎಂದು ರೋಜರ್ಸ್ ಬರೆದಿದ್ದಾರೆ.

ಎಲ್ಲಿ ನೋಯುತ್ತಿದೆ, ಯಾವ ಕಡೆ ಹೋಗಬೇಕು ಎಂಬುದು ನೊಂದವರಿಗೇ ಗೊತ್ತಿರುತ್ತದೆ ಎಂಬುದು ಅವರಿಗೆ ಇದರಿಂದ ಮನದಟ್ಟಾಯಿತು. 1942ರ ಪುಸ್ತಕದಲ್ಲಿ ಅವರು 'ರೋಗಿ' ಎಂಬ ಪದ ಬಿಟ್ಟು 'ಕ್ಲೈಂಟ್' ಎಂದರು. ವಕೀಲರ ಹತ್ತಿರ ಹೋಗುವ ಕಕ್ಷಿದಾರನಿಗೂ ಇಂಗ್ಲಿಷಿನಲ್ಲಿ ಇದೇ ಪದ. ಸಹಾಯ ಕೇಳಿ ಬಂದರೂ ತನ್ನ ಬದುಕಿಗೆ ಅವನೇ ಯಜಮಾನ. 1957ರಲ್ಲಿ ರೋಜರ್ಸ್, ಸಹಾಯ ಮಾಡುವವರಲ್ಲಿ ಮೂರು ಗುಣ ಇರಲೇಬೇಕು ಎಂದು ಬರೆದರು: ನಾಟಕವಿಲ್ಲದ ನಡತೆ, ಷರತ್ತಿಲ್ಲದ ಗೌರವ, ಎದುರಿನವರ ಕಣ್ಣಿನಿಂದ ನೋಡುವ ಮನಸ್ಸು. ಹರೆಯದ ಮಕ್ಕಳಿಗೂ ದೊಡ್ಡವರಿಗೂ ಇದೇ ಅಳತೆ.

ಕೇಳಿಸಿಕೊಳ್ಳುವುದು ಎಂದರೆ ಹೇಳಿದ್ದಕ್ಕೆಲ್ಲ ಹೂಂ ಅನ್ನುವುದಲ್ಲ. ಅದೊಂದರಿಂದಲೇ ಎಲ್ಲ ಕಾಯಿಲೆ ವಾಸಿಯಾಗುವುದೂ ಇಲ್ಲ. ಕೆಲವರಿಗೆ ಡಾಕ್ಟರು, ಮಾತ್ರೆ ಬೇಕೇ ಬೇಕು. ಆದರೆ ಮನೆಯಲ್ಲಿ ಮಗ ಸುಮ್ಮನಾಗಿದ್ದರೆ ಅವನೊಬ್ಬನನ್ನೇ ಸರಿ ಮಾಡಲು ಹೊರಡುವ ಮೊದಲು, ಅಪ್ಪ ಅಮ್ಮನ ಎದೆಯಲ್ಲಿ ಏನಿದೆ ಎಂದೂ ಯಾರಾದರೂ ಕೇಳಬೇಕು.

ಹಾಗೆ ಕೇಳುವವರು ಈಗ ಫೋನಿನಲ್ಲೂ ಸಿಗುತ್ತಾರೆ. ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗಾಗಿ ಮಾತ್ರವಲ್ಲ, ನಿಮಗಾಗಿಯೂ ಕರೆ ಮಾಡಬಹುದು.