ಎಲ್ ಶೇಪ್, ಯು ಶೇಪ್: ಅಡುಗೆಮನೆಗೆ ಈ ಅಕ್ಷರಗಳು ಎಲ್ಲಿಂದ ಬಂದ್ವು?

ಭಾಗ 1

ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ಟೇಲರ್ ಬಗ್ಗೆ ನಾವೆಲ್ಲಾ ಬರೆದಿದ್ದೀವಿ. 1911ರ ಪುಸ್ತಕ, ಟೈಮ್ ಸ್ಟಡಿ, ಮೋಷನ್ ಸ್ಟಡಿ, ಪಕ್ಕದಲ್ಲೇ ಗಿಲ್‌ಬ್ರೆತ್ ದಂಪತಿ. ಐದು ಮಾರ್ಕ್ಸ್ ತಗೊಂಡು ಮರೆತೂ ಆಯ್ತು. ಆದರೆ ಆ ಚಾಪ್ಟರ್ ಕಾರ್ಖಾನೆಯಿಂದ ಎದ್ದು ಸೀದಾ ಅಡುಗೆಮನೆಗೆ ಹೋಗಿತ್ತು ಕಣ್ರೋ. ಇವತ್ತು ಬಡಗಿ ನಮ್ಮ ಮುಂದೆ ಹಿಡಿಯೋ ಮಾಡ್ಯುಲರ್ ಕಿಚನ್ ಕ್ಯಾಟಲಾಗ್ ಆ ಚಾಪ್ಟರ್‌ನ ಮೊಮ್ಮಗು ಇದ್ದಂಗೆ.

ನಾನು ಇದನ್ನ ಹುಡುಕಿದ್ದಕ್ಕೆ ಕಾರಣ ಇದೆ. ತಾತ ಕಟ್ಟಿಸಿದ ಮನೆ ಮಾರಬೇಕಾಗಿದೆ. ಅಪ್ಪ, ದೊಡ್ಡಪ್ಪ, ಅತ್ತೆ ಮೂವರ ಪಾಲು ಅದರಲ್ಲಿ. ಅಡುಗೆಮನೆ ಸರಿ ಮಾಡಿಸಿದ್ರೆ ಒಳ್ಳೆ ರೇಟ್ ಬರುತ್ತೆ ಅಂತ ಬ್ರೋಕರ್ ಹೇಳಿದ್ರು. ಗೋಡೆ ಒಡೆದು ಓಪನ್ ಕಿಚನ್ ಮಾಡ್ಸಿ ಅಂತ ಅತ್ತೆ. ಒಂದು ಇಟ್ಟಿಗೇನೂ ಮುಟ್ಟಬೇಡಿ ಅಂತ ದೊಡ್ಡಪ್ಪ. ಅಪ್ಪ ಸುಮ್ಮನೆ ಕೂತಿದ್ದಾರೆ, ಯಾಕಂದ್ರೆ ಮೊದಲು ದುಡ್ಡು ಹಾಕಬೇಕಾಗಿರೋದು ಅವರೇ. ಅವರ ಪಾಲಿನ ದುಡ್ಡಲ್ಲೇ ತಂಗಿಯ ಕಾಲೇಜ್ ಫೀಸ್ ಕೂಡ ಇದೆ.

ಭಾಗ 2

ಮೊದಲು ಅಮೆರಿಕ. 1869ರಲ್ಲಿ ಕ್ಯಾಥರೀನ್ ಬೀಚರ್ ತನ್ನ ತಂಗಿ ಹ್ಯಾರಿಯೆಟ್ ಜೊತೆ ಮನೆವಾರ್ತೆ ಬಗ್ಗೆ ಒಂದು ಪುಸ್ತಕ ಬರೆದ್ರು. ಹಡಗಿನ ಅಡುಗೆ ಕೋಣೆ ನೋಡಿ, ಎಷ್ಟು ಚಿಕ್ಕದು, ಎಲ್ಲಾ ಕೈಗೆ ಸಿಗುತ್ತೆ, ಮನೇಲಿ ಯಾಕೆ ಹಾಗಿರಬಾರದು ಅನ್ನೋದು ಅವರ ವಾದ. ಆಮೇಲೆ 1912ರ ಹೊತ್ತಿಗೆ ಕ್ರಿಸ್ಟೀನ್ ಫ್ರೆಡರಿಕ್ ಅನ್ನೋರು ಟೇಲರ್ ವಿಧಾನವನ್ನ ಮನೆಕೆಲಸಕ್ಕೆ ಹಚ್ಚಿ ಪತ್ರಿಕೆಯಲ್ಲಿ ಬರೆಯೋಕೆ ಶುರು ಮಾಡಿದ್ರು. ಅವರ ಬರಹ ಜರ್ಮನ್ ಭಾಷೆಗೂ ಹೋಯ್ತು.

ಅಲ್ಲಿಂದ ಕಥೆ ಫ್ರಾಂಕ್‌ಫರ್ಟ್‌ಗೆ. ಮೊದಲ ಮಹಾಯುದ್ಧ ಮುಗಿದಿತ್ತು, ಮನೆಗಳ ಕೊರತೆ ಭಯಂಕರ. ಎರ್ನ್‌ಸ್ಟ್ ಮೇ ಅನ್ನೋ ವಾಸ್ತುಶಿಲ್ಪಿ ಕೈಯಲ್ಲಿ ನಗರಸಭೆ ಸಾವಿರಾರು ಚಿಕ್ಕ ಮನೆ ಕಟ್ಟಿಸ್ತಾ ಇತ್ತು. ಅಡುಗೆಮನೆ ವಿನ್ಯಾಸದ ಕೆಲಸ ಬಂದಿದ್ದು ವಿಯೆನ್ನಾದ ಮಾರ್ಗರೆಟೆ ಲಿಹೋಟ್ಸ್ಕಿಗೆ. 1926ರಲ್ಲಿ ಆಕೆಗೆ 29 ವರ್ಷ. ಫ್ರೆಡರಿಕ್ ಬರಹ ಓದಿಕೊಂಡು, ಸ್ಟಾಪ್‌ವಾಚ್ ಹಿಡಿದು ಕೆಲಸ ಅಳೆದು, ರೈಲಿನ ಊಟದ ಬೋಗಿಯ ಅಡುಗೆ ಕೋಣೆಯನ್ನ ಮಾದರಿಯಾಗಿ ಇಟ್ಕೊಂಡ್ರು. ಕೊನೆಗೆ ಬಂದ ಅಳತೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ನಮ್ಮ ಲೆಕ್ಕದಲ್ಲಿ ಆರೂಕಾಲು ಅಡಿಗೆ ಹನ್ನೊಂದು ಅಡಿ, ಅಷ್ಟೇ.

ಅದರೊಳಗೆ ಏನೇನಿತ್ತು ನೋಡಿ. ಬೇಳೆ, ಸಕ್ಕರೆ ಥರದ ಸಾಮಾನಿಗೆ ಹೆಸರು ಬರೆದ 18 ಅಲ್ಯೂಮಿನಿಯಂ ಡಬ್ಬಿಗಳು. ಹಿಟ್ಟಿಗೆ ಹುಳ ಬೀಳದಿರಲಿ ಅಂತ ಓಕ್ ಮರದ ಡ್ರಾಯರ್. ಗೋಡೆಯಿಂದ ಮಡಚಿ ಇಳಿಸೋ ಇಸ್ತ್ರಿ ಹಲಗೆ. ಕೂತು ತರಕಾರಿ ಹೆಚ್ಚೋಕೆ ಕಿಟಕಿ ಪಕ್ಕ ತಿರುಗೋ ಸ್ಟೂಲ್. ಇಂಥವು ಸುಮಾರು 10,000 ಮನೆಗೆ ಹೋದ್ವು. ಆದ್ರೆ ಒಳಗೆ ಹಿಡಿಸಿದ್ದು ಒಬ್ಬರೇ. ಇಬ್ಬರು ನಿಂತ್ರೆ ಮೊಣಕೈಗೆ ಮೊಣಕೈ ತಾಗುತ್ತೆ. ಅಲ್ಲಿ ವಾಸ ಮಾಡಿದವರ ದೂರೂ ಅದೇ ಆಗಿತ್ತು. ಮಜಾ ಏನು ಗೊತ್ತಾ, ಇದನ್ನ ವಿನ್ಯಾಸ ಮಾಡೋವರೆಗೂ ತಾನು ಅಡುಗೆಯನ್ನೇ ಮಾಡಿರಲಿಲ್ಲ ಅಂತ ಲಿಹೋಟ್ಸ್ಕಿಯೇ ಆಮೇಲೆ ಹೇಳಿದ್ರು!

ಈಗ ನಮ್ಮ ಸಿಲಬಸ್‌ನ ಲಿಲಿಯನ್ ಗಿಲ್‌ಬ್ರೆತ್. 1924ರಲ್ಲಿ ಗಂಡ ತೀರಿಹೋದ್ರು. ಮನೆ ತುಂಬಾ ಹನ್ನೊಂದು ಮಕ್ಕಳು. ದಂಪತಿ ಇಬ್ಬರೂ ಸೇರಿ ಸಲಹೆ ಕೊಡ್ತಿದ್ದ ಕಂಪನಿಗಳು, ಒಬ್ಬಳೇ ಹೆಂಗಸು ಅಂತ ಹಿಂದೆ ಸರಿದ್ವು. ಹೆಂಗಸಿಗೆ ಗೊತ್ತಿರೋ ವಿಷಯ ಅಂತ ಜನ ಒಪ್ಪಿದ್ದು ಅಡುಗೆಮನೆ ಮಾತ್ರ, ಸರಿ, ಅದನ್ನೇ ಹಿಡಿದ್ರು. ಇವರೂ ಅಡುಗೆಯಲ್ಲಿ ಅಷ್ಟಕ್ಕಷ್ಟೇ. 1929ರಲ್ಲಿ ಬ್ರೂಕ್ಲಿನ್‌ನ ಗ್ಯಾಸ್ ಕಂಪನಿಗೆ ಮಾಡಿಕೊಟ್ಟ ಮಾದರಿ ಅಡುಗೆಮನೆ ಎಲ್ ಶೇಪ್‌ಗೆ ಹತ್ತಿರದ್ದು. ಸ್ಟ್ರಾಬೆರಿ ಕೇಕ್ ಮಾಡಿಸಿ ಹೆಜ್ಜೆ ಎಣಿಸಿದಾಗ 281 ಇದ್ದಿದ್ದು 45ಕ್ಕೆ ಇಳೀತು. ಪರೀಕ್ಷೆಯಲ್ಲಿ ನಾವು ಬರೆಯೋ ಇಟ್ಟಿಗೆ ಜೋಡಿಸೋ ಉದಾಹರಣೆಗಿಂತ ಇದು ನೂರು ಪಟ್ಟು ಚೆನ್ನಾಗಿದೆ.

ಭಾಗ 3

ಇಲ್ಲಿಯವರೆಗೆ ಹೆಜ್ಜೆ ಉಳಿಸೋ ಮಾತು. 1940ರ ದಶಕದಲ್ಲಿ ಮಾತು ಖರ್ಚು ಉಳಿಸೋ ಕಡೆ ತಿರುಗಿತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಿಕ್ಕ ಮನೆಗಳನ್ನ ಅಗ್ಗವಾಗಿ ಕಟ್ಟೋದು ಹೇಗೆ ಅಂತ ಸಂಶೋಧನೆ ನಡೀತು. ‘ವರ್ಕ್ ಟ್ರಯಾಂಗಲ್’ ಹುಟ್ಟಿದ್ದು ಅಲ್ಲೇ: ಒಲೆ, ಸಿಂಕ್, ಫ್ರಿಜ್ ಮೂರೂ ಒಂದು ತ್ರಿಕೋನ. ಈಗ ಚಾಲ್ತಿಯಲ್ಲಿರೋ ನಿಯಮದ ಪ್ರಕಾರ ಒಂದೊಂದು ಬದಿ 4ರಿಂದ 9 ಅಡಿ, ಮೂರೂ ಸೇರಿ 26 ಅಡಿ ದಾಟಬಾರದು. ಎಲ್, ಯು, ಪ್ಯಾರಲಲ್ ಅಂದ್ರೆ ಈ ತ್ರಿಕೋನವನ್ನ ಕೋಣೆಯೊಳಗೆ ಕೂರಿಸೋ ಬೇರೆ ಬೇರೆ ದಾರಿ.

ಮಾರೋಕಂತಲೇ ಅಡುಗೆಮನೆ ಮಾಡೋದನ್ನ ನೋಡಬೇಕಂದ್ರೆ ಲೆವಿಟ್‌ಟೌನ್ ನೋಡಬೇಕು. ನ್ಯೂಯಾರ್ಕ್ ಹತ್ತಿರ ಆಲೂಗಡ್ಡೆ ಹೊಲಗಳಲ್ಲಿ 1947ರಿಂದ 1951ರ ಒಳಗೆ 17,000ಕ್ಕೂ ಹೆಚ್ಚು ಮನೆ ಎದ್ದವು. 1949ರ ಮಾದರಿಯ ಬೆಲೆ 7,990 ಡಾಲರ್. ಅದರಲ್ಲಿ ಅಡುಗೆಮನೆಯನ್ನ ಬೀದಿ ಕಡೆಗೆ ತಂದು, ಸ್ಟೌ, ಫ್ರಿಜ್, ವಾಷಿಂಗ್ ಮೆಷಿನ್ ಸಮೇತ ಕೊಟ್ರು. ಯಾರೇ ಬಂದ್ರೂ ಒಗ್ಗೋ ಹಾಗೆ ಮಾಡಿದ ಮನೆಗಳು. ಆದ್ರೆ ಕರಿಯರಿಗೆ ಮಾರ್ತಿರಲಿಲ್ಲ, ಅದು ಕರಾರಿನಲ್ಲೇ ಇತ್ತು. ಬಿಲ್ಡರ್ ಬಾಯಲ್ಲಿ ‘ಯಾರೇ ಬಂದ್ರೂ’ ಅಂತ ಕೇಳಿದಾಗೆಲ್ಲ ನನಗೆ ಇದು ನೆನಪಾಗುತ್ತೆ.

ಭಾಗ 4

ಇಷ್ಟು ಓದಿದ ಮೇಲೆ ನನಗೆ ಅನ್ನಿಸಿದ್ದು: ಪ್ರತಿ ಪ್ಲಾನ್ ಒಳಗೂ ಒಬ್ಬ ಮನುಷ್ಯ ಮೊದಲೇ ನಿಂತಿರ್ತಾನೆ. ಒಬ್ಬಳೇ, ನಿಂತುಕೊಂಡು, ಸಹಾಯಕ್ಕೆ ಯಾರೂ ಇಲ್ಲದೆ ಅಡುಗೆ ಮಾಡೋ ಹೆಂಗಸು. ನಮ್ಮನೇಲಿ ಹಬ್ಬ ಬಂದ್ರೆ ನಾಲ್ಕು ಜನ ಒಳಗಿರ್ತಾರೆ, ಅಜ್ಜಿ ನೆಲದ ಮೇಲೆ ಈಳಿಗೆಮಣೆ ಹಾಕ್ಕೊಂಡು ಕೂರ್ತಾರೆ. ಮನೆ ಕೊಳ್ಳೋರು ಹೇಗಿರ್ತಾರೋ ಗೊತ್ತಿಲ್ಲ. ಹಾಗಾಗಿ ಯಾರಿಗಾದ್ರೂ ಬೇಕೇ ಬೇಕಾಗೋದಕ್ಕೆ ದುಡ್ಡು ಹಾಕಬೇಕು, ಒಬ್ಬರ ಜೀವನಕ್ಕೆ ಮಾತ್ರ ಹೊಂದೋದಕ್ಕೆ ಅಲ್ಲ.

ನಮ್ಮ ಅಡುಗೆಮನೆ 8 ಅಡಿಗೆ 10 ಅಡಿ. ಪ್ಯಾರಲಲ್ ಮಾಡಿದ್ರೆ ಎರಡು ಕಡೆ ಎರಡೆರಡು ಅಡಿ ಕಟ್ಟೆ, ನಡುವೆ 4 ಅಡಿ. ಇಬ್ಬರು ಓಡಾಡೋಕೆ 4 ಅಡಿ ಬೇಕು ಅನ್ನೋದು ನಿಯಮ, ಸರಿಯಾಗಿ ಅಷ್ಟೇ ಉಳಿಯುತ್ತೆ. ಆದ್ರೆ ಒಬ್ಬರು ನೆಲದ ಮೇಲೆ ಕೂತ್ರೆ ದಾರಿ ಬಂದ್. ಎಲ್ ಶೇಪ್‌ನಲ್ಲಿ ಕಟ್ಟೆ ಕಮ್ಮಿ, ನೆಲ ಜಾಸ್ತಿ. ಮುಂದೆ ಬರೋರಿಗೆ ಬೇಕಾದ್ರೆ ಎದುರು ಗೋಡೆಗೆ ಕಟ್ಟೆ ಸೇರಿಸ್ಕೋಬಹುದು. ಕಟ್ಟಿದ್ದನ್ನ ಒಡೆಯೋದು ಕಷ್ಟ, ಸೇರಿಸೋದು ಸುಲಭ. ಸಿಂಕ್ ಇದ್ದಲ್ಲೇ ಇರಲಿ, ಪೈಪ್ ತಿರುಗಿಸೋಕೆ ನೆಲ ಅಗೆದ್ರೆ ಅರ್ಧ ಬಜೆಟ್ ಅಲ್ಲೇ ಹೋಗುತ್ತೆ. ಒಲೆ ಆಗ್ನೇಯ ಮೂಲೆಯಲ್ಲೇ ಇದೆ, ಅದನ್ನೂ ಮುಟ್ಟೋದು ಬೇಡ. ವಾಸ್ತು ನೀವು ನಂಬಿ ಬಿಡಿ, ಕೊಳ್ಳೋಕೆ ಬರೋರು ಕೇಳೇ ಕೇಳ್ತಾರೆ.

ಅಮೆರಿಕದಲ್ಲಿ ವರ್ಷ ವರ್ಷ ಬರೋ ರೀಮಾಡೆಲಿಂಗ್ ವರದಿಗಳಲ್ಲೂ ಸಣ್ಣ ದುರಸ್ತಿಗೆ ಹಾಕಿದ ದುಡ್ಡಿನಲ್ಲಿ ವಾಪಸ್ ಬರೋ ಪಾಲು, ದೊಡ್ಡ ದುರಸ್ತಿಯದಕ್ಕಿಂತ ಹೆಚ್ಚು. ಅಲ್ಲಿನ ಅಂಕಿ ಇಲ್ಲಿಗೆ ಹಾಗೇ ಹೊಂದಲ್ಲ, ಆದ್ರೂ ಅಪ್ಪನ ಮುಂದೆ ಇಟ್ಟೆ. ಗೋಡೆ ಒಡೆಯೋ ಖರ್ಚು ಬಿಟ್ಟು, ಹೊಸ ಕಟ್ಟೆ, ಸುಣ್ಣಬಣ್ಣ, ಒಂದು ಒಳ್ಳೆ ಚಿಮಣಿ, ಇಷ್ಟಕ್ಕೆ ಅಪ್ಪ ಒಪ್ಪಿದ್ದಾರೆ. ಅತ್ತೆ ಇನ್ನೂ ಮುನಿಸಿಕೊಂಡಿದ್ದಾರೆ.

ನಾಳೆ ಬೆಳಿಗ್ಗೆ ನಿಮ್ಮನೇಲಿ ಕಾಫಿ ಮಾಡುವಾಗ ಹೆಜ್ಜೆ ಎಣಿಸಿ ನನಗೆ ಕಳಿಸಿ, ಅಮ್ಮಂದಿರ ಹೆಜ್ಜೆನೂ ಬೇಕು, ಮೋಸ ಮಾಡಬೇಡಿ. ಲಿಹೋಟ್ಸ್ಕಿ ಹಿಟ್ಲರ್ ವಿರುದ್ಧ ಕೆಲಸ ಮಾಡಿ 1941ರಲ್ಲಿ ಸಿಕ್ಕಿಬಿದ್ದು, ಯುದ್ಧ ಮುಗಿಯೋವರೆಗೂ ಜೈಲಲ್ಲಿದ್ದು, 2000ನೇ ಇಸವಿವರೆಗೂ ಬದುಕಿದ್ರು. ಆ ಕಥೆ ಮುಂದಿನ ಶನಿವಾರ.