ಚೆಂಡು ಗೆರೆ ದಾಟಿದರೆ ಎಷ್ಟು ಬೇಸ್? ಸಾಫ್ಟ್‌ಬಾಲ್ ಅಂಪೈರ್‌ಗಳು ತಿಳಿದಿರಬೇಕಾದ ನಿಯಮಗಳು

ಕೊಲ್ಹಾಪುರ: ಕುಸ್ತಿ ಮತ್ತು ಫುಟ್‌ಬಾಲ್‌ಗೆ ಕೊಲ್ಹಾಪುರ, ಕಬಡ್ಡಿ ಮತ್ತು ಖೋ-ಖೋಗೆ ಇಚಲಕರಂಜಿ, ಫುಟ್‌ಬಾಲ್‌ಗೆ ಗಡಹಿಂಗ್ಲಜ ಹೆಸರಾದ ಊರುಗಳು. ಇಲ್ಲಿನ ಮೈದಾನಗಳೂ ಈ ಆಟಗಳಿಗೆ ಹೊಂದಿಕೊಂಡೇ ಬೆಳೆದಿವೆ. ಸಾಫ್ಟ್‌ಬಾಲ್ ಮತ್ತು ಬೇಸ್‌ಬಾಲ್ ಈ ಮೈದಾನಗಳಿಗೆ ಬಂದ ಅತಿಥಿಗಳು. ಶಾಲಾ ಕ್ರೀಡಾಕೂಟಗಳ ಪಟ್ಟಿಯಲ್ಲಿ ಎರಡೂ ಇವೆ. ಆದರೆ ಅವುಗಳಿಗೆ ಬೇಕಾದ ಬೇಲಿಯಾಗಲಿ, ಹಿಂಬದಿಯ ಜಾಲರಿಯಾಗಲಿ ಎಲ್ಲ ಶಾಲಾ ಮೈದಾನಗಳಲ್ಲೂ ಇರುವುದಿಲ್ಲ. ಅಂಥ ಕಡೆ ತಪ್ಪಿದ ಚೆಂಡು ನೇರವಾಗಿ ಪ್ರೇಕ್ಷಕರ ಕಾಲಡಿಗೋ, ಸಾಲಾಗಿ ನಿಲ್ಲಿಸಿದ ಸೈಕಲ್‌ಗಳ ನಡುವೆಯೋ ಹೋಗುತ್ತದೆ. ವಾದ ಶುರುವಾಗುವುದು ಅಲ್ಲಿಯೇ.

ಇದು ಸಣ್ಣ ವಾದವಲ್ಲ. ಜಿಲ್ಲಾ ಮಟ್ಟದಲ್ಲಿ ಗೆದ್ದ ತಂಡ ಮುಂದಿನ ಹಂತಕ್ಕೆ ಹೋಗುತ್ತದೆ, ಸೋತ ತಂಡ ಮನೆಗೆ ಹೋಗುತ್ತದೆ. ಮಹಾರಾಷ್ಟ್ರದಲ್ಲಿ ಹತ್ತನೇ ಮತ್ತು ಹನ್ನೆರಡನೇ ತರಗತಿಯ ಕ್ರೀಡಾಪಟುಗಳಿಗೆ ಸಿಗುವ ಹೆಚ್ಚುವರಿ ಅಂಕಗಳಿಗೂ, ಸರ್ಕಾರಿ ನೌಕರಿಯಲ್ಲಿ ಕ್ರೀಡಾಪಟುಗಳಿಗಿರುವ ಶೇ. 5 ಮೀಸಲಾತಿಗೂ ಕ್ರೀಡಾ ಪ್ರಮಾಣಪತ್ರವೇ ಆಧಾರ. ಒಂದು ತಪ್ಪು ತೀರ್ಪಿನ ಬೆಲೆಯನ್ನು ಮಕ್ಕಳು ತೆರಬೇಕಾಗುತ್ತದೆ.

ಗೆರೆ ಎಲ್ಲಿದೆ?

ಕ್ರಿಕೆಟ್ ನೋಡಿ ಬೆಳೆದ ನಮಗೆ ಚೆಂಡು ಗೆರೆ ದಾಟಿದರೆ ನಾಲ್ಕು ರನ್ ಎಂಬುದು ರೂಢಿ. ಸಾಫ್ಟ್‌ಬಾಲ್‌ನಲ್ಲಿ ಹಾಗಲ್ಲ. ಚೆಂಡು ಆಟದ ಪ್ರದೇಶದಿಂದ ಹೊರಗೆ ಹೋದರೆ ಅಂಪೈರ್ ಎರಡೂ ಕೈ ಮೇಲೆತ್ತಿ 'ಡೆಡ್ ಬಾಲ್' ಎನ್ನುತ್ತಾರೆ. ಆಟ ನಿಲ್ಲುತ್ತದೆ. ಆಮೇಲೆ ಅವರು ಕೊಡುವುದು ರನ್ ಅಲ್ಲ, ಬೇಸ್.

ಹೋಮ್ ಪ್ಲೇಟ್‌ನ ಹಿಂದೆ ಮತ್ತು ಫೌಲ್ ಗೆರೆಗಳ ಹೊರಗೆ 25ರಿಂದ 30 ಅಡಿ ಖಾಲಿ ಜಾಗ ಇರಬೇಕು ಎಂಬುದು ಸಾಫ್ಟ್‌ಬಾಲ್‌ನ ಅಳತೆ. ಬೇಲಿ ಇಲ್ಲದ ಕಡೆ ಆ ಜಾಗದ ಅಂಚಿಗೆ ಸುಣ್ಣದ ಪುಡಿಯಿಂದ ಗೆರೆ ಎಳೆಯುವುದು ಒಳ್ಳೆಯದು. ಗೆರೆಯೂ ಆಟದ ಪ್ರದೇಶಕ್ಕೇ ಸೇರಿದ್ದು. ಗೆರೆ ತುಳಿದುಕೊಂಡು ನಿಂತ ಫೀಲ್ಡರ್ ಹಿಡಿದ ಕ್ಯಾಚ್ ಸರಿಯಾದ ಕ್ಯಾಚ್.

ಜನ, ವಾಹನ ಅಥವಾ ಬೇರೆ ಅಡೆತಡೆಗಳು ಅಳತೆಯ ಒಳಗೇ ಇದ್ದರೆ ಪಂದ್ಯಕ್ಕೆ ಮುಂಚೆ ಎರಡೂ ತಂಡಗಳು ಒಪ್ಪಿ ಆ ಮೈದಾನದ ಮಟ್ಟಿಗೆ ವಿಶೇಷ ನಿಯಮ ಮಾಡಿಕೊಳ್ಳಲು ಅವಕಾಶವಿದೆ. ಫುಟ್‌ಬಾಲ್ ಗೋಲ್ ಕಂಬ, ವಾಲಿಬಾಲ್ ಕಂಬ, ಬೇವಿನ ಮರ ಇವೆಲ್ಲ ಒಳಗೋ ಹೊರಗೋ ಎಂಬುದು ಆಗಲೇ ತೀರ್ಮಾನವಾಗಬೇಕು.

ಯಾವುದಕ್ಕೆ ಎಷ್ಟು?

- ಪಿಚರ್ ಬ್ಯಾಟರ್‌ಗೆ ಹಾಕಿದ ಚೆಂಡು ಕ್ಯಾಚರ್‌ಗೆ ಸಿಗದೆ ಹೊರಗೆ ಹೋದರೆ: ರನ್ನರ್‌ಗಳಿಗೆ ಒಂದು ಬೇಸ್.
- ಫೀಲ್ಡರ್ ಎಸೆದ ಚೆಂಡು ಹೊರಗೆ ಹೋದರೆ (ಓವರ್‌ಥ್ರೋ): ಎರಡು ಬೇಸ್.
- ಬ್ಯಾಟಿನಿಂದ ಬಂದ ಫೇರ್ ಚೆಂಡು ನೆಲಕ್ಕೆ ಪುಟಿದು ಬೇಲಿ ದಾಟಿದರೆ: ಎರಡು ಬೇಸ್.
- ಫೇರ್ ಚೆಂಡು ನೆಲ ಮುಟ್ಟದೆ ನಿಗದಿತ ದೂರದ ಬೇಲಿ ದಾಟಿದರೆ: ಹೋಮ್ ರನ್.
- ಫೌಲ್ ಚೆಂಡು ಹೊರಗೆ ಬಿದ್ದರೆ: ಬೇಸ್ ಇಲ್ಲ, ರನ್ನರ್‌ಗಳು ಹಿಂದಿನ ಬೇಸ್‌ಗೆ ಮರಳಬೇಕು.
- ಕ್ಯಾಚ್ ಹಿಡಿದ ಫೀಲ್ಡರ್ ಓಟದ ಭರದಲ್ಲಿ ಗೆರೆಯ ಹೊರಗೆ ಹೋದರೆ: ಬ್ಯಾಟರ್ ಔಟ್, ಆದರೆ ಉಳಿದ ರನ್ನರ್‌ಗಳಿಗೆ ಒಂದು ಬೇಸ್. ಬೇಕೆಂದೇ ಚೆಂಡನ್ನು ಹೊರಗೆ ಒಯ್ದರೆ ಎರಡು.

ಬೇಸ್ ಸಿಕ್ಕಿತೆಂದು ರನ್ನರ್ ಅಡ್ಡದಾರಿ ಹಿಡಿಯುವಂತಿಲ್ಲ. ಆಟ ನಿಂತಿದ್ದರೂ ಪ್ರತಿ ಬೇಸನ್ನೂ ಕ್ರಮವಾಗಿ ಮುಟ್ಟಲೇಬೇಕು. ಬಿಟ್ಟರೆ ಎದುರಾಳಿ ತಂಡ ಅಪೀಲು ಮಾಡಿ ಔಟ್ ಪಡೆಯಬಹುದು.

ಎಲ್ಲಿಂದ ಎಣಿಸಬೇಕು?

ಹೆಚ್ಚಿನ ತಕರಾರು ಎರಡು ಬೇಸ್ ಕೊಡುವುದರ ಬಗ್ಗೆ ಅಲ್ಲ, ಅದನ್ನು ಎಲ್ಲಿಂದ ಎಣಿಸಬೇಕು ಎಂಬುದರ ಬಗ್ಗೆ. 'ಓಡುತ್ತಿದ್ದ ಬೇಸ್, ಮೇಲೊಂದು' ಎಂದು ಅನೇಕರು ಲೆಕ್ಕ ಹಾಕುತ್ತಾರೆ. ಇದು ತಪ್ಪು. ಸಾಫ್ಟ್‌ಬಾಲ್‌ನಲ್ಲಿ ಚೆಂಡು ಫೀಲ್ಡರ್‌ನ ಕೈ ಬಿಟ್ಟ ಕ್ಷಣದಲ್ಲಿ ರನ್ನರ್ ಕೊನೆಗೆ ಮುಟ್ಟಿದ್ದ ಬೇಸ್‌ನಿಂದ ಎರಡು ಎಣಿಸಬೇಕು. ಮೊದಲ ಬೇಸ್ ಬಿಟ್ಟು ಮುಂದೆ ಬಂದಿದ್ದ ರನ್ನರ್ ಹಿಂದಕ್ಕೆ ಓಡುತ್ತಿದ್ದಾಗ ಕ್ಯಾಚರ್‌ನ ಎಸೆತ ಹೊರಗೆ ಹೋದರೂ ಆಕೆಗೆ ಸಿಗುವುದು ಮೂರನೇ ಬೇಸ್. ಓಡುತ್ತಿದ್ದ ದಿಕ್ಕು ಲೆಕ್ಕಕ್ಕಿಲ್ಲ.

ಒಂದು ಉದಾಹರಣೆ ನೋಡೋಣ. ಏಳನೇ ಇನಿಂಗ್ಸ್‌ನ ಕೊನೆಯ ಭಾಗ, ಸ್ಕೋರ್ ಸಮ. ಮೊದಲ ಬೇಸ್‌ನಲ್ಲಿ ರನ್ನರ್ ಇದ್ದಾಳೆ. ನೆಲದ ಮೇಲೆ ಬಂದ ಚೆಂಡನ್ನು ಶಾರ್ಟ್‌ಸ್ಟಾಪ್ ಒಮ್ಮೆ ಕೈಜಾರಿಸಿ, ಮತ್ತೆ ಎತ್ತಿಕೊಂಡು, ಬ್ಯಾಟರ್ ತಲುಪುವ ಮೊದಲೇ ಔಟ್ ಮಾಡಲೆಂದು ಮೊದಲ ಬೇಸ್‌ಗೆ ಎಸೆಯುತ್ತಾಳೆ. ಚೆಂಡು ಗೆರೆ ದಾಟಿ ಸೈಕಲ್‌ಗಳ ನಡುವೆ ಹೋಗುತ್ತದೆ. ಎಸೆದ ಕ್ಷಣಕ್ಕೆ ರನ್ನರ್ ಎರಡನೇ ಬೇಸ್ ಮುಟ್ಟಿದ್ದರೆ ಎರಡು ಬೇಸ್ ಎಂದರೆ ಹೋಮ್. ರನ್ ಬಂತು, ಪಂದ್ಯ ಮುಗಿಯಿತು. ಒಂದು ಹೆಜ್ಜೆ ಹಿಂದಿದ್ದರೆ ಮೂರನೇ ಬೇಸ್ ಮಾತ್ರ, ಆಟ ಮುಂದುವರಿಯುತ್ತದೆ.

ಇದೇ ಘಟನೆ ಬೇಸ್‌ಬಾಲ್‌ನಲ್ಲಿ ನಡೆದರೆ ತೀರ್ಪು ಬೇರೆ. ಅಲ್ಲಿ ಇನ್‌ಫೀಲ್ಡರ್‌ನ ಮೊದಲ ಎಸೆತ ಹೊರಗೆ ಹೋದರೆ ಪಿಚರ್ ಚೆಂಡು ಹಾಕಿದಾಗ ರನ್ನರ್ ಇದ್ದ ಬೇಸ್‌ನಿಂದ ಎಣಿಸುತ್ತಾರೆ. ಎರಡನೇ ಬೇಸ್ ಮುಟ್ಟಿದ್ದರೂ ರನ್ನರ್‌ಗೆ ಮೂರನೆಯದೇ ಗತಿ. ಎರಡೂ ಆಟಗಳಿಗೆ ಒಬ್ಬರೇ ಅಂಪೈರ್ ಆಗಿ ನಿಲ್ಲುವ ಕಡೆ ಈ ವ್ಯತ್ಯಾಸ ಮರೆಯಬಾರದು.

ಕ್ರಿಕೆಟ್‌ನಲ್ಲೂ ಇಂಥದೇ ಪ್ರಶ್ನೆ ಎದ್ದಿತ್ತು. 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ ಗಪ್ಟಿಲ್ ಎಸೆದ ಚೆಂಡು ಸ್ಟೋಕ್ಸ್ ಬ್ಯಾಟಿಗೆ ತಾಗಿ ಬೌಂಡರಿ ದಾಟಿತು. ಅಂಪೈರ್‌ಗಳು ಆರು ರನ್ ಕೊಟ್ಟರು. ಎಸೆದ ಕ್ಷಣಕ್ಕೆ ಬ್ಯಾಟ್ಸ್‌ಮನ್‌ಗಳು ಒಬ್ಬರನ್ನೊಬ್ಬರು ದಾಟಿರಲಿಲ್ಲ, ಐದೇ ಕೊಡಬೇಕಿತ್ತು ಎಂದು ಮಾಜಿ ಅಂಪೈರ್ ಸೈಮನ್ ಟೌಫೆಲ್ ಆಮೇಲೆ ಹೇಳಿದರು. ಅಷ್ಟು ಕ್ಯಾಮೆರಾಗಳಿದ್ದ ಕಡೆಯೇ ಹೀಗಾದರೆ, ಕ್ಯಾಮೆರಾ ಇಲ್ಲದ ಶಾಲಾ ಮೈದಾನದಲ್ಲಿ ಅಂಪೈರ್ ಎಷ್ಟು ಎಚ್ಚರದಿಂದಿರಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಅಂಪೈರ್ ಮಾಡಬೇಕಾದ್ದು

ಪಂದ್ಯಕ್ಕೆ ಮುಂಚೆ ಇಬ್ಬರು ಕೋಚ್‌ಗಳನ್ನೂ ಕರೆದುಕೊಂಡು ಗೆರೆಯ ಉದ್ದಕ್ಕೂ ಒಮ್ಮೆ ನಡೆಯಬೇಕು. ವಾಹನಗಳನ್ನೂ ಪ್ರೇಕ್ಷಕರನ್ನೂ ಗೆರೆಯ ಹಿಂದಕ್ಕೆ ಕಳಿಸಬೇಕು. ಬ್ಯಾಟು, ಹೆಲ್ಮೆಟ್ ಮೈದಾನದಲ್ಲಿ ಬಿದ್ದಿರದಂತೆ ನೋಡಬೇಕು. ಬ್ಯಾಟಿಂಗ್ ತಂಡದ ಸಾಮಾನಿಗೆ ಚೆಂಡು ತಾಗಿ ಫೀಲ್ಡರ್‌ನ ಆಟಕ್ಕೆ ಅಡ್ಡಿಯಾದರೆ ಅವರದೇ ರನ್ನರ್ ಔಟ್ ಆಗಬಹುದು.

ಇಬ್ಬರು ಅಂಪೈರ್‌ಗಳಿದ್ದರೆ ಎಸೆತದ ವೇಳೆ ಯಾವ ರನ್ನರ್‌ನ ಮೇಲೆ ಯಾರು ಕಣ್ಣಿಡಬೇಕೆಂದು ಮೊದಲೇ ಹಂಚಿಕೊಳ್ಳಬೇಕು. ಚೆಂಡು ಹೊರಗೆ ಹೋದ ಮೇಲೆ ರನ್ನರ್ ಎಲ್ಲಿದ್ದಾಳೆಂದು ನೋಡಿದರೆ ತಡವಾಯಿತು. ತೀರ್ಪಿಗೆ ಬೇಕಾದ್ದು ಚೆಂಡು ಕೈ ಬಿಟ್ಟ ಕ್ಷಣ. ಅನುಮಾನವಿದ್ದರೆ ಜೊತೆಗಾರನನ್ನು ಕೇಳಿ, ಆಮೇಲೆ ಬೇಸ್ ಕೊಡಬೇಕು. ಅದರಿಂದ ಅಂಪೈರ್‌ನ ಮರ್ಯಾದೆ ಕಡಿಮೆಯಾಗುವುದಿಲ್ಲ. ವರ್ಷವಿಡೀ ಅಭ್ಯಾಸ ಮಾಡಿ ಬಂದ ಮಕ್ಕಳಿಗೆ ನ್ಯಾಯ ಸಿಗುತ್ತದೆ.